ಸಿಡಿ ಅಂಗಡಿಯಣ್ಣನ ಅನುಮಾನ

ಮೊನ್ನೆ ಹರದನಹಳ್ಳಿ ಕಡೆ ಹೋಗಿದ್ದಾಗ, ಸೂರ್ಯಕಾಂತಿ ಹೊಲದಲ್ಲಿ ಗಿಳಿ ಬೆದರಿಸಲು ಹಳೆಯ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಬಿಸಿಲಿಗೆ ಅವು ಫಳಫಳ ಹೊಳೆಯುತ್ತಿದ್ದವು. ಗುಂಡ್ಲುಪೇಟೆಯ ಸಿಡಿ ಅಂಗಡಿಯಣ್ಣ ನೆನಪಾದರು...

ನನ್ನ ಟೈಲರಿಂಗ್ ಅಂಗಡಿಗೂ ಅವರ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಗಂಡ ತೀರಿಕೊಂಡ ಮೇಲೆ ಒಂಟಿ ಹೆಂಗಸಿಗೆ ಮಳಿಗೆ ಕೊಡಲು ಎಲ್ಲರೂ ಮೀನಮೇಷ ಎಣಿಸುತ್ತಿದ್ದಾಗ, ತಮ್ಮ ಸ್ವಂತ ಅಂಗಡಿಯನ್ನೇ ಎರಡು ಭಾಗ ಮಾಡಿ ಜಾಗ ಕೊಟ್ಟವರು ಅವರು. ಆದರೂ ನನಗೆ ಮೊದಲ ದಿನದಿಂದಲೇ ಅನುಮಾನ. ಮುಂದೆ ಭಕ್ತಿಗೀತೆ, ಹೊಸ ಸಿನಿಮಾ. ಕೌಂಟರಿನ ಕೆಳಗಿಂದ ಮಾತ್ರ ಪೇಪರಿನಲ್ಲಿ ಸುತ್ತಿದ ಇನ್ನೇನೋ ಕೈ ಬದಲಾಗುತ್ತಿತ್ತು. ಇಸಿದುಕೊಂಡವರು ಹಿಂತಿರುಗಿ ನೋಡದೆ ಸೈಕಲ್ ಹತ್ತುತ್ತಿದ್ದರು. ನೀಲಿ ಚಿತ್ರಗಳೆಂದು ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ. ಅಸಹ್ಯವಾಯಿತು. ಬಿಟ್ಟು ಹೋಗುವುದಾದರೂ ಎಲ್ಲಿಗೆ?

ತಮಾಷೆಯೆಂದರೆ, ಆ ಗಂಡಸರ ಹೆಂಡತಿಯರೇ ನನ್ನ ಬಳಿ ರವಿಕೆ ಹೊಲಿಸುತ್ತಿದ್ದವರು. ಒಂದು ದಿನ ಅಣ್ಣ ಬಾಗಿಲಲ್ಲಿ ನಿಂತು, “ಕಂಡದ್ದ ಅಲ್ಲೇ ಬುಟ್ಬುಡು ಕಣವ್ವ, ನನ್ ಹೊಟ್ಟೆಪಾಡು” ಎಂದರು. ನಾನು ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಗಿರಾಕಿಗಳು ಕಡಿಮೆಯಾದರು... ಮೊದಲು ಡ್ರೈವರುಗಳು, ನಂತರ ಸಂಸಾರಸ್ಥರು. ಅಣ್ಣ ದಿನವಿಡೀ ಖಾಲಿ ಕೂರತೊಡಗಿದರು. ಯಾರಾದರೂ ಹೆಂಗಸು ಅಳತೆ ಕೊಡಲು ಬಂದರೆ ಹಲಗೆಯಾಚೆ ಟಿವಿ ಸದ್ದು ತಟ್ಟನೆ ನಿಲ್ಲುತ್ತಿತ್ತು. ನಾವು ನಕ್ಕರೆ ಅವರು ಕೆಮ್ಮುತ್ತಿದ್ದರು. ನಾನೇ ಹೆಂಡತಿಯರ ಕಿವಿ ಊದಿ ಗಿರಾಕಿಗಳನ್ನು ಓಡಿಸಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ನಿಜ ಗೊತ್ತಾದದ್ದು ಮದ್ದೂರಿನ ಬಸ್ಸಿನಲ್ಲಿ. ಅವರ ಹಳೆಯ ಗಿರಾಕಿಗಳು ಹಿಂದಿನ ಸೀಟಿನಲ್ಲಿ ಒಂದೇ ಮೊಬೈಲಿಗೆ ತಲೆ ತೂರಿಸಿ ಕುಳಿತಿದ್ದರು. ನನ್ನನ್ನು ಕಂಡದ್ದೇ ತಡ, ಫೋನು ಜೇಬು ಸೇರಿತು. ಬಿಡದೆ ಕೇಳಿದೆ. “ನೆಟ್ನಿಂದ ಇಳ್ಸದು ಕಣಕ್ಕ, ಕಾಸೇ ಕೊಡಂಗಿಲ್ಲ” ಎಂದ ಒಬ್ಬ, ಮುಖ ಕಿಟಕಿಗೆ ತಿರುಗಿಸಿ. ಮೆಮೊರಿ ಕಾರ್ಡಿಗೆ ತುಂಬಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರಂತೆ.

ಮರುದಿನವೇ ಹೋಗಿ ಅಣ್ಣನಿಗೆ ಹೇಳಿದೆ. ಅವರು ನನ್ನನ್ನೇ ದುರುಗುಟ್ಟಿ ನೋಡಿದರು.

“ಅಂತಾ ಮಾಲ ಪುಗ್ಸಟ್ಟೆ ಯಾರವ್ವ ಕೊಟ್ಟಾರು? ಸುಳ್ಳ ಹೇಳಕ್ಕೂ ಒಂದ್ ಮಿತಿ ಅದ!”

ನನ್ನ ಮೈ ಉರಿಯಿತು. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಸ್ವಲ್ಪ ದಿನಕ್ಕೆ ಅವರು ಅಂಗಡಿ ಮುಚ್ಚಿ ಚಂದಕವಾಡಿಗೆ ಹೊರಟುಹೋದರು, ನನಗೊಂದು ಮಾತೂ ಹೇಳದೆ. ಆದರೆ ನನ್ನನ್ನು ಮಳಿಗೆಯಿಂದ ಎಬ್ಬಿಸಲಿಲ್ಲ. ಅಷ್ಟು ಅನುಮಾನವಿದ್ದವರು ಯಾಕೆ ಎಬ್ಬಿಸಲಿಲ್ಲವೋ...

ಹೋದ ವರ್ಷ ಅವರ ಮಗಳು ರವಿಕೆ ಹೊಲಿಸಲು ಬಂದಳು. ಅಣ್ಣ ತೀರಿಕೊಂಡದ್ದು ಆಗಲೇ ತಿಳಿದದ್ದು.

“ಅಪ್ಪ ಸಾಯಗಂಟ ನಿಮ್ ವಿಚಾರವ ಮಾತಾಡ್ತಿತ್ತು ಕಣಕ್ಕ” ಎಂದಳು.

ಏನು ಮಾತಾಡುತ್ತಿದ್ದರು ಎಂದು ಕೇಳಲು ಬಾಯಿ ಬರಲಿಲ್ಲ. ಈಗಲೂ ಹಬ್ಬ ಬಂದರೆ ಅವಳು ಬರುತ್ತಾಳೆ. ಈ ಸಲ ಕೇಳಿಯೇ ಬಿಡಬೇಕು ಎಂದುಕೊಳ್ಳುತ್ತೇನೆ. ಆಮೇಲೆ ಹೆದರಿ, ಅಳತೆ ಮಾತ್ರ ತೆಗೆದು ಕಳಿಸುತ್ತೇನೆ.