ಕಾಶಿಯಲ್ಲಿ ಬಿಟ್ಟ ಮೊಸರು

ಕಳೆದ ವಾರ ಲ್ಯಾಬಿನಲ್ಲಿ ಒಂದು ಸ್ಲೈಡ್ ನೋಡುತ್ತಿದ್ದೆ. ಕೆಂಪು ರಕ್ತಕಣಗಳು ಇರಬೇಕಾದ್ದಕ್ಕಿಂತ ದೊಡ್ಡವು, ಮೊಟ್ಟೆಯ ಹಾಗೆ ಉದ್ದುದ್ದ. ಪಕ್ಕದಲ್ಲಿದ್ದ ಬಿಳಿ ಕಣದ ತಿರುಳು ಆರು ತುಂಡಾಗಿತ್ತು. ಬಿ-12 ವಿಟಮಿನ್ ಕೊರತೆ ಎಂದು ಬರೆಯಲು ಪೆನ್ನು ಎತ್ತಿಕೊಂಡೆ. ಬರೆಯುವುದಕ್ಕೆ ಮೊದಲೇ ಹೊಲಿಗೆ ಟೀಚರ್ ಕಣ್ಣ ಮುಂದೆ ಬಂದು ಕೂತರು...

ಶಿಡ್ಲಘಟ್ಟದಲ್ಲಿ ಅವರದು ನಮ್ಮ ಎದುರು ಮನೆ. ಬೀದಿಯ ಹೆಣ್ಣುಮಕ್ಕಳಿಗೆಲ್ಲ ರವಿಕೆ ಕತ್ತರಿಸುವುದನ್ನು ಕಲಿಸಿದವರು ಅವರೇ, ನಮ್ಮಮ್ಮನಿಗೂ. ಬೆಳಗಾದರೆ ಅವರ ಮೆಷಿನ್ನಿನ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಮೊಟ್ಟೆ ಮಾಂಸ ಮುಟ್ಟಿದವರಲ್ಲ. ಆದರೆ ಮೊಸರೆಂದರೆ ಪ್ರಾಣ. ಅನ್ನಕ್ಕೆ ಮೊಸರೋ ಮೊಸರಿಗೆ ಅನ್ನವೋ ಎಂದು ಅಮ್ಮ ಚುಡಾಯಿಸಿದರೆ, 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಗಾದೆ ಹೇಳಿ ನಗುತ್ತಿದ್ದರು.

ಗಂಡ ತೀರಿಕೊಂಡ ವರ್ಷ ತಮ್ಮನ ಜೊತೆ ಕಾಶಿಗೆ ಹೋದರು. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕಲ್ಲ. ನಮ್ಮ ಕಡೆಯ ಜಾಣರು ಹಾಗಲಕಾಯಿ ಬಿಟ್ಟು ಬರುತ್ತಾರೆ. ಟೀಚರ್ ಹಾಲು, ಮೊಸರು, ಮಜ್ಜಿಗೆ, ಎಲ್ಲವನ್ನೂ ಬಿಟ್ಟು ಬಂದರು.

"ಇಷ್ಟ ಇಲ್ಲದ್ದು ಬಿಟ್ರೆ ದೇವ್ರಿಗೆ ಗೊತ್ತಾಗಲ್ವೇನಮ್ಮ?" ಎಂದರು.

ಕೆಲವು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಮುಖ ಬಿಳಿಚಿಕೊಂಡಿತು, ನಾಲಿಗೆ ಉರಿಯತೊಡಗಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ತೀರಾ ಕಡಿಮೆ. ಹೆಂಗಸರಿಗೆ ರಕ್ತ ಕಡಿಮೆ ಎಂದರೆ ಇನ್ನೇನು, ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಸೇರಿದ ಮಾತ್ರೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಹಿಮೋಗ್ಲೋಬಿನ್ ಏರಿತು. ಅಮ್ಮ ತೆಂಗಿನಹಾಲು ಹಾಕಿ ಪಾಯಸ ಮಾಡಿಕೊಟ್ಟಳು. ನಾವೆಲ್ಲ ಖುಷಿಯಾಗಿದ್ದೆವು. ಆ ಪಾಯಸವನ್ನು ನಾನು ಆಮೇಲೆ ಮುಟ್ಟಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಅತ್ತ ರಕ್ತ ಏರುತ್ತಿದ್ದರೆ ಇತ್ತ ಕಾಲು ಜೋಮು ಹಿಡಿಯುತ್ತಿತ್ತು. "ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗ್ತಿಲ್ಲ ಕಣಮ್ಮ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದರು. ಮೆಷಿನ್ ತುಳಿಯುವಾಗ ಲಯ ತಪ್ಪಿ ಚಕ್ರ ಹಿಂದಕ್ಕೆ ತಿರುಗುತ್ತಿತ್ತು, ದಾರ ಪಟಪಟ ಕಡಿಯುತ್ತಿತ್ತು. ಕಲಿಯಲು ಬಂದ ಹುಡುಗಿಯರು ನೋಡಿಯೂ ನೋಡದಂತೆ ತಲೆ ತಗ್ಗಿಸುತ್ತಿದ್ದರು. ರಕ್ತ ಸರಿಯಾಗಿದೆಯಲ್ಲ, ಇದು ವಯಸ್ಸಿನದು ಎಂದು ಮನೆಯವರು ಎಣ್ಣೆ ತಿಕ್ಕಿಸಿದರು.

ಗೋಡೆ ಹಿಡಿದು ನಡೆಯುವಂತಾದ ಮೇಲೆ ಚಿಕ್ಕಬಳ್ಳಾಪುರದ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ನಾನಾಗ ತಾನೇ ಲ್ಯಾಬ್ ಕೋರ್ಸಿಗೆ ಸೇರಿದ್ದೆ. ಡಾಕ್ಟರು ಮಾತ್ರೆ ಶುರು ಮಾಡುವ ಮುಂಚಿನ ರಿಪೋರ್ಟ್ ಕೇಳಿದರು. ನಾವು ಅದರಲ್ಲಿ ಮೊದಲ ಸಾಲನ್ನಷ್ಟೇ ಓದಿದ್ದೆವು. ಅವರ ಬೆರಳು ಕೆಳಗಿನ ಸಾಲಿಗೆ ಹೋಯಿತು, ಕಣದ ಗಾತ್ರದ ಸಾಲಿಗೆ.

"ಕಬ್ಬಿಣ ಕಡಿಮೆಯಾದ್ರೆ ಕಣ ಚಿಕ್ಕದಾಗುತ್ತೆ. ಇವರದ್ದು ದೊಡ್ಡದಾಗಿದೆ. ಹಾಲು ಮೊಸರು ತಗೋತೀರೇನಮ್ಮ?"

"ಕಾಶೀಲಿ ಬಿಟ್ಟಿದೀನಿ ಸಾರ್" ಎಂದರು ಟೀಚರ್. ಆ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಮಾಂಸ ಮೊಟ್ಟೆ ತಿನ್ನದವರಿಗೆ ಬಿ-12 ಸಿಗುವ ದಾರಿ ಹಾಲೊಂದೇ, ಅದೂ ಮುಚ್ಚಿಹೋಗಿತ್ತು. ಮಾತ್ರೆಯಲ್ಲಿದ್ದ ಫೋಲಿಕ್ ಆಸಿಡ್ ರಕ್ತವನ್ನೇನೋ ಸರಿ ಮಾಡಿತ್ತು, ಆದರೆ ಬೆನ್ನುಹುರಿಯ ನರ ಒಳಗೊಳಗೇ ಸಾಯುತ್ತಲೇ ಇತ್ತು. "ಮೆಷಿನ್ ತುಳೀಬಹುದಾ ಸಾರ್?" ಎಂದು ಟೀಚರ್ ಕೇಳಿದರು. "ಇಂಜೆಕ್ಷನ್ ಶುರು ಮಾಡಣ, ನೋಡಣ" ಎಂದರು ಅವರು.

ಇಂಜೆಕ್ಷನ್ ತಡವಾಗಿತ್ತು. ಕಾಲು ಬರಲಿಲ್ಲ. ಬೆರಳಿನ ಸ್ಪರ್ಶವೂ ಹೋಗಿ, ಸೂಜಿ ಹಿಡಿದದ್ದೂ ತಿಳಿಯದಾಯಿತು. ಮಲಗಿದಲ್ಲೇ ಬೆನ್ನು ಹುಣ್ಣಾಯಿತು. ನನಗೆ ಸಿಟ್ಟು ಬರುತ್ತಿತ್ತು, ದೇವರ ಮೇಲೆ, ಮಾತ್ರೆಯ ಮೇಲೆ, ಅವರ ಹಟದ ಮೇಲೆ. ಒಮ್ಮೆ ಬಾಯಿಬಿಟ್ಟು ಹೇಳಿಯೂಬಿಟ್ಟೆ. "ಪೋನೀಲೇ ಕಣಮ್ಮ, ಹೋಗಿದ್ದು ಹೋಯ್ತು. ನಮ್ಮನೆಯವ್ರಿಗೋಸ್ಕರ ಬಿಟ್ಟಿದ್ದು" ಎಂದು ಗೋಡೆ ಕಡೆ ಹೊರಳಿದರು.

ಕೊನೆಯ ದಿನಗಳಲ್ಲಿ ಜ್ವರ ಬಂದು ಏನೇನೋ ಬಡಬಡಿಸುತ್ತಿದ್ದರು. ಒಂದು ಮಧ್ಯಾಹ್ನ ಮೊಸರನ್ನ ಬೇಕೆಂದರು. ತಮ್ಮನ ಹೆಂಡತಿ ಅಳುತ್ತಲೇ ಕಲಸಿ ತಂದರು. ತುತ್ತು ತುಟಿಗೆ ತಾಗಿದ್ದೇ ತಡ, ಟೀಚರ್ ಬಾಯಿ ಬಿಗಿಯಾಗಿ ಮುಚ್ಚಿಕೊಂಡುಬಿಟ್ಟರು... ಮತ್ತೆ ಕೇಳಲಿಲ್ಲ. ಆ ವಾರವೇ ಹೋದರು.

ಈಗ ಅಮ್ಮ ಕಾಶಿಗೆ ಹೊರಟಿದ್ದಾಳೆ. ಮೊನ್ನೆ ಬ್ಯಾಗಿಗೆ ಸೀರೆ ಜೋಡಿಸುತ್ತಾ, "ನಾನೇನ್ ಬಿಟ್ಟು ಬರ್ಲೇ?" ಎಂದು ಕೇಳಿದಳು.

"ಏನೂ ಬಿಡ್ಬೇಡ."

"ಹಾಗೆಲ್ಲ ಬರೋಕಾಗಲ್ಲ ಕಣೇ."

"ಟೀಚರನ್ನ ಕಳ್ಕೊಂಡಿದ್ದು ಸಾಲ್ದೇನಮ್ಮ?"

ಅಮ್ಮ ಮಡಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು.