ಚಾದರದ ರೇಟು

ನನ್ನ ಅತ್ತೆಯ ನೆನಪಿಗೆ ಏನೂ ಆಗಿರಲಿಲ್ಲ. ಆಗಿದೆ ಎಂದು ಅವರನ್ನು ನಂಬಿಸಿದವಳು ನಾನು. ಆರು ವರ್ಷ ಅವರು ಅದನ್ನೇ ನಂಬಿಕೊಂಡು ಬದುಕಿದರು — ನಾನು ಅದೇ ಮನೆಯಲ್ಲಿ, ಅವರು ಬಡಿದ ರೊಟ್ಟಿ ತಿನ್ನುತ್ತ, ಸುಮ್ಮನಿದ್ದೆ.

ನಮ್ಮದು ಶಲವಡಿ. ನಾನು ಶಾಲೆಯಲ್ಲಿ ಕಲಿಸುತ್ತೇನೆ, ಗಂಡ ಹೊಲ ನೋಡಿಕೊಳ್ಳುತ್ತಾರೆ. ನಾನು ಸೊಸೆಯಾಗಿ ಬಂದಾಗ ಮನೆಯ ಖರ್ಚೆಲ್ಲ ಅತ್ತೆ ಪಾರವ್ವನವರ ಕೈಯಲ್ಲಿತ್ತು. ಅವರನ್ನು ಜಿಪುಣಿ ಎಂದು ಯಾರೂ ಅನ್ನುವಂತಿರಲಿಲ್ಲ. ಬಾಗಿಲಿಗೆ ಬಂದವರು ಉಣ್ಣದೆ ಹೋದದ್ದಿಲ್ಲ. ಆದರೆ ಕೊಟ್ಟ ದುಡ್ಡಿಗೆ ತಕ್ಕ ಮಾಲು ಬರಲೇಬೇಕು. ಜೋಳದ ಕಾಳು ಹಲ್ಲಿನಲ್ಲಿ ಕಡಿದು ನೋಡುವರು. ಗಡಿಗೆಯನ್ನು ಬೆರಳಿನಿಂದ ಬಾರಿಸಿ ಕಿವಿಗೊಡುವರು. ಕಾಯಿಪಲ್ಯೆಗೆ ಸಂತೆ ಮುರಿಯುವ ಹೊತ್ತಿಗೆ ಹೋಗುವರು, ಅರಿವೆ ಅಂಗಡಿಗೆ ಮಾತ್ರ ನಡುಹಗಲಿಗೆ — ಬಣ್ಣ ಬಿಸಿಲಲ್ಲಿ ಹಿಡಿದು ನೋಡಬೇಕಲ್ಲ. ಅವರ ಹರಿದ ಸೀರೆ ಕೌದಿಯಾಗುತ್ತಿತ್ತು, ಕೌದಿ ಹರಿದರೆ ಎಮ್ಮೆಯ ಮೈಮೇಲೆ ಹೋಗುತ್ತಿತ್ತು.

"ಅಗ್ಗ ಅಂತ ತರಬಾರದು, ತುಟ್ಟಿ ಅಂತ ಬಿಡಬಾರದು. ಬಾಳಿಕಿ ನೋಡಿ ತರಬೇಕವ್ವ," ಅನ್ನುವರು. ಮನೆಯವರಿಗೆಲ್ಲ ಅದೇ ನಿಯಮ. ತಮಗೆ ಮಾತ್ರ — ಅಗ್ಗದ್ದೂ ಬೇಡ, ತುಟ್ಟಿಯದೂ ಬೇಡ.

ಒಂದು ಚಳಿಗಾಲ ಅವರ ಹೊದಿಕೆ ನೋಡಲಾಗಲಿಲ್ಲ ನನಗೆ. ನಡುವೆ ತೂತು, ಅಂಚಿಗೆ ತೇಪೆ. ರಾತ್ರಿ ಮೊಣಕಾಲು ನೋವೆಂದು ನರಳುವರು. ಹುಬ್ಬಳ್ಳಿಗೆ ಹೋದಾಗ ಒಂದು ಒಳ್ಳೆಯ ಉಣ್ಣೆಯ ಚಾದರ ತಂದೆ. ಸಾವಿರದ ಮೇಲೆ ಬಿತ್ತು. ಅತ್ತೆ ಅದನ್ನು ಉಜ್ಜಿ, ಹಿಂಜಿ, ಮೂಗಿಗೆ ಹಿಡಿದು ನೋಡಿ ಕೇಳಿದರು, "ಎಷ್ಟ ಕೊಟ್ಟಿ?"

ಖರೆ ಹೇಳಿದರೆ ಮರುದಿನವೇ ವಾಪಸು ಕೊಟ್ಟು ಬಾ ಅನ್ನುತ್ತಿದ್ದರು. "ಮುನ್ನೂರೈವತ್ರಿ," ಅಂದೆ.

ಅತ್ತೆಯ ಮುಖ ಅರಳಿದ್ದು — ಅದನ್ನು ಹೇಗೆ ಹೇಳಲಿ. ಚಾದರ ಸಿಕ್ಕದ್ದಕ್ಕಲ್ಲ, ಸೊಸೆಗೆ ವ್ಯಾಪಾರ ಬಂತಲ್ಲ ಎಂದು. ಅವತ್ತೇ ಹೊದ್ದುಕೊಂಡರು. ಮರುದಿನ ಓಣಿಗೆಲ್ಲ ಹೇಳಿ ಬಂದರು: "ನಮ್ಮ ಶಾಂತಾನ ಕೈಯಾಗ ಬರಕತ್ತ ಐತಿ." ಮುಂದೆ ಸೀರೆ, ಚಪ್ಪಲಿ, ಸ್ಟೀಲಿನ ಡಬ್ಬಿ, ಎಲ್ಲಕ್ಕೂ ನಾನು ರೇಟು ಇಳಿಸಿ ಹೇಳತೊಡಗಿದೆ. ಅವರಿಗಾಗಿ ಅಂತ ಹೇಳಿಕೊಳ್ಳುತ್ತಿದ್ದೆ. ಅರ್ಧ ಮಾತ್ರ ಖರೆ. ಆ ಹೊಗಳಿಕೆ ನನಗೆ ಹಿತವಾಗಿತ್ತು.

ಅತ್ತೆಗೆ ತಿರ್ಲಾಪುರದಲ್ಲಿ ಒಬ್ಬ ತಂಗಿ ಇದ್ದಾರೆ. ಆಕೆಗೂ ಅಂಥದೇ ಚಾದರ ಕೊಡಿಸಬೇಕೆಂದು ಬೆಣ್ಣೆ ಮಾರಿದ ದುಡ್ಡು ಕೂಡಿಸಿ ನನಗೆ ಹೇಳಿದರು. ನಾನು "ಆ ಮಾಲು ತೀರೇತಂತ್ರಿ" ಎಂದು ದಿನ ದೂಡಿದೆ. ಹೀಗಿರುವಾಗ ಇಬ್ಬರೂ ಅಣ್ಣಿಗೇರಿ ಸಂತೆಗೆ ಹೋದೆವು. ಅಲ್ಲೊಂದು ಅಂಗಡಿಯ ಮುಂದೆ ಅದೇ ಚಾದರ, ಅದೇ ಅಂಚು, ತೂಗು ಹಾಕಿತ್ತು. ನಾನು ಬೇಡ ಅನ್ನುವುದರೊಳಗೆ ಅತ್ತೆ ಮೆಟ್ಟಿಲು ಹತ್ತಿದ್ದರು. ಸೆರಗಿನ ಗಂಟು ಬಿಚ್ಚಿ ಮುನ್ನೂರೈವತ್ತು ರೂಪಾಯಿ ಎಣಿಸಿ ಇಟ್ಟರು.

ಅಂಗಡಿಯವನು ಖರೆ ರೇಟು ಹೇಳಿದ. ಅತ್ತೆ ನಕ್ಕರು. ಅವನೂ ನಕ್ಕ. ಆಮೇಲೆ ಮಾತು ಏರಿತು.

"ಹಳ್ಳಿ ಮಂದಿ ಅಂತ ಕುತ್ತಿಗಿ ಕೊಯ್ತಿಯೇನ? ಇದ ಮಾಲು ನನ್ನ ಸೊಸಿ ಮುನ್ನೂರೈವತ್ತಕ್ಕ ತಂದಾಳ. ಬೇಕಾದ್ರ ಆಕಿನ್ನ ಕೇಳು!"

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅವರಲ್ಲಿ ಒಬ್ಬರು ನನ್ನ ಶಾಲೆಯ ಮಗುವಿನ ತಾಯಿ. ಟೀಚರ್ ಸುಳ್ಳಿ ಎಂದಾಗಬಾರದು — ಅಷ್ಟೇ ನನ್ನ ತಲೆಯಲ್ಲಿದ್ದದ್ದು.

"ನಾ ಹಂಗ ಅಂದಿದ್ದಿಲ್ರಿ ಅತ್ತಿ. ಮುನ್ನೂರೈವತ್ತು ಬೆಡ್‌ಶೀಟಿನ ರೇಟು. ನಿಮಗ ಈಗೀಗ ಮರವು ಭಾಳ ಆಗೇತಿ."

ಎಷ್ಟು ಸಲೀಸಾಗಿ ಬಂತು ಆ ಮಾತು. ಅಂಗಡಿಯವನು ಮೆತ್ತಗಾದ. "ಇರ್ಲಿ ಬಿಡ್ರಿ, ವಯಸ್ಸಾತಲ್ರಿ," ಅಂದ. ಅವನು ಜಗಳ ಮುಂದುವರಿಸಿದ್ದರೂ ಅತ್ತೆಗೆ ಅಷ್ಟು ನೋಯುತ್ತಿರಲಿಲ್ಲ. ದುಡ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರು. ಗಂಟು ಬೇಗ ಬೀಳಲಿಲ್ಲ. ಬಸ್ಸಿನಲ್ಲಿ ಒಂದೇ ಸಲ ಕೇಳಿದರು, "ಬೆಡ್‌ಶೀಟ್ ಅಂದಿದ್ದೇನವ್ವ ನೀ?"

"ಹೌದ್ರಿ," ಅಂದೆ. ಎರಡನೆಯ ಸಲ ಅದೇ ಸುಳ್ಳು.

ಆಮೇಲೆ ಅವರು ಸಂತೆಗೆ ಹೋಗುವುದನ್ನು ಬಿಟ್ಟರು. "ನೀನ ತಗೊಂಡು ಬಾ. ನನಗ ರೇಟು ತಿಳ್ಯೂದಿಲ್ಲ ಈಗ." ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕರೆಯುವರು. ಓಣಿಯ ಹೆಂಗಸರ ಮಾತಿನ ನಡುವೆ, ಹಳೆಯದೇನಾದರೂ ಬಂದರೆ, "ನನ್ನ ಕೇಳಬ್ಯಾಡ್ರಿ, ನನ್ನ ತಲಿ ಹೋಗೇತಿ" ಎಂದು ನಕ್ಕುಬಿಡುವರು. ಗಂಡ ಗಾಬರಿಯಾಗಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಲ್ಲ ಸರಿಯಿದೆ ಅಂದರು ಡಾಕ್ಟರು, ಅತ್ತೆ ನಂಬಲಿಲ್ಲ. ಅವತ್ತಾದರೂ ನಾನು ಬಾಯಿ ಬಿಡಬಹುದಿತ್ತು...

ಈ ವರ್ಷ ಒಂದು ಮಧ್ಯಾಹ್ನ ಅತ್ತೆ ತಮ್ಮ ದುಡ್ಡಿನ ಚೀಲ ತಂದು ನನ್ನ ಮಡಿಲಿಗೆ ಹಾಕಿದರು. "ಇದನ್ನೂ ನೀನ ಇಟಗೊ. ಎಲ್ಲೆರ ಇಟ್ಟು ಮರತಬಿಡತೇನಿ." ನನ್ನನ್ನು ಅಷ್ಟು ನಂಬಿ. ನನಗೆ ತಡೆಯಲಾಗಲಿಲ್ಲ. ಚಾದರ, ಅದರ ಖರೆ ರೇಟು, ಅಂಗಡಿಯಲ್ಲಿ ಆಡಿದ ಮಾತು, ಬಸ್ಸಿನಲ್ಲಿ ಅಂದ ಹೌದು — ಎಲ್ಲವನ್ನೂ ಹೇಳಿಬಿಟ್ಟೆ.

ಅತ್ತೆ ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದರು.

"ಹಂಗಾರ ನಾ ಅವತ್ತ ಅಂದಿದ್ದು ಖರೆ ಇತ್ತು?"

"ಖರೆ ಇತ್ರಿ."

"ನನ್ನ ತಲಿ ನೆಟ್ಟಗೈತಿ?"

"ಅಗದಿ ನೆಟ್ಟಗೈತ್ರಿ."

ಅವರು ನಕ್ಕರು. ಬೈಯಲಿಲ್ಲ, ನಕ್ಕರು — ಕಳೆದ ಎಮ್ಮೆ ತಾನೇ ಕೊಟ್ಟಿಗೆಗೆ ಬಂದಂತೆ. ಆ ಸಂತೋಷ ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು. ಆಮೇಲೆ ನಗು ನಿಂತಿತು. "ಆರು ವರ್ಷ ಅಲ್ಲೇನ ಬೇ," ಅಂದರು. ಎದ್ದು ಹಿತ್ತಿಲಿಗೆ ಹೋದರು. ತಿರುಗಿ ಬಂದು ಹೇಳಿದರು, "ನನಗ ಹೇಳಿದಿ, ಛಲೋ ಆತು. ಮಂದಿಗೆ ಯಾರು ಹೇಳವ್ರು?"

ನಾನೇ ಹೇಳಿದೆ. ಮೊದಲು ಗಂಡನಿಗೆ, ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಓಣಿಯವರಿಗೆ, ಆ ಮಗುವಿನ ತಾಯಿಗೆ. ತಿರ್ಲಾಪುರದ ತಂಗಿಯ ಮನೆಗೆ ಚಾದರ ಒಯ್ದು, ಖರೆ ರೇಟು ಹೇಳಿಯೇ ಕೊಟ್ಟೆ. ಕೊನೆಗೆ ಅಣ್ಣಿಗೇರಿಯ ಅಂಗಡಿ ಉಳಿಯಿತು. ಅತ್ತೆ ಜೊತೆಗೆ ಬಂದರು, ಆದರೆ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೆ ನಿಂತರು.

ನಾನು ಎಲ್ಲ ವಿವರಿಸಿದೆ. ಅಂಗಡಿಯವನು ಅರಿವೆ ಅಳೆಯುತ್ತಲೇ ಕೇಳಿಸಿಕೊಂಡ. "ಯಾವ ಅಮ್ಮಾರ್ರಿ? ದಿನಾ ನೂರು ಮಂದಿ ಬರ್ತಾರ್ರಿ ಅಕ್ಕಾರ. ನನಗೇನೂ ಖೂನ, ಗುರ್ತ ಇಲ್ರಿ," ಅಂದ.

ಕೆಳಗಿಳಿದಾಗ ಅತ್ತೆ ಕೇಳಿದರು, "ಏನಂದ?"

ಹಿತವಾದ ಒಂದು ಸುಳ್ಳು ಆಗಲೂ ನಾಲಿಗೆಯ ತುದಿಗೆ ಬಂದಿತ್ತು — ತಪ್ಪಾತು ಅಂತ ಹೇಳಂದಾನ್ರಿ, ಎಂದು. ನುಂಗಿಕೊಂಡೆ.

"ಅವಗ ನೆನಪಿಲ್ರಿ ಅತ್ತಿ."

ಅವರು ಅಂಗಡಿಯ ಕಡೆ ಒಮ್ಮೆ ನೋಡಿದರು, ಆಮೇಲೆ ನನ್ನ ಕಡೆ.

"ನನಗೈತಿ," ಅಂದರು. ನನ್ನ ಕೈ ಹಿಡಿದುಕೊಂಡೇ ಅಂದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.