ಹಳಿಯ ಕೆಳಗಿನ ಕತ್ತಲೆಗೆ ಮಾಯಿಯ ಬ್ಯಾಟರಿ

ನಮ್ಮ ಊರಿನಿಂದ ಭಾಲ್ಕಿಗೆ ನಡೆದು ಹೋಗಬೇಕೆಂದರೆ ರೈಲು ಹಳಿಯ ಕೆಳಗೆ ನುಸುಳಬೇಕು. ಮೊದಲು ಅಲ್ಲಿ ಗೇಟು ಇತ್ತು, ಹಳಿ ದಾಟಿ ಆಚೆ ಹೋಗುತ್ತಿದ್ದೆವು. ಗೇಟು ಮುಚ್ಚಿ, ನೆಲ ಅಗೆದು, ಸಿಮೆಂಟಿನ ಗವಿ ಮಾಡಿ ಅದಕ್ಕೆ ಅಂಡರ್‌ಪಾಸ್ ಎಂದು ಹೆಸರಿಟ್ಟರು. ಒಳಗೆ ಹೋಗುತ್ತಲೇ ದಾರಿ ಸೊಂಟ ಮುರಿದಂತೆ ಹೊರಳುತ್ತದೆ. ಈ ಬಾಯಲ್ಲಿ ನಿಂತರೆ ಆ ಬಾಯಿ ಕಾಣುವುದಿಲ್ಲ. ಮಟಮಟ ಮಧ್ಯಾಹ್ನದಲ್ಲೂ ನಡುವೆ ಕಗ್ಗತ್ತಲು. ಗೋಡೆ ವರ್ಷವಿಡೀ ಜಿನುಗುತ್ತದೆ, ಕಾಲ ಕೆಳಗೆ ಕೆಸರು. ಚಾವಣಿಗೆ ದೀಪದ ಡಬ್ಬಿಗಳನ್ನು ಬಡಿದು ಹೋಗಿದ್ದರು, ತಂತಿ ಮಾತ್ರ ಬರಲಿಲ್ಲ. ಕೇಳಿದರೆ, ದೀಪ ಪಂಚಾಯಿತಿಯದು ಎಂದು ಕಟ್ಟಿದವರು ಹೇಳುತ್ತಿದ್ದರು, ಕಟ್ಟಿದವರದು ಎಂದು ಪಂಚಾಯಿತಿಯವರು ಹೇಳುತ್ತಿದ್ದರು. ಇಬ್ಬರಿಗೂ ಗಾಡಿ ಇದೆ, ಗಾಡಿಗೆ ದೀಪ ಇದೆ. ಕತ್ತಲು ನಡೆಯುವವರ ಪಾಲಿಗೆ ಬಂತು.

ಚಂದ್ರಭಾಗಾ ನಡೆಯುವವಳು. ಔರಾದ ತಾಲ್ಲೂಕಿನ ಸಂತಪುರದಿಂದ ನಮ್ಮ ಊರಿಗೆ ಸೊಸೆಯಾಗಿ ಬಂದವಳು, ಗಂಡ ಸತ್ತ ಮೇಲೂ ಕುರಿ ಮಾರದೆ ತಾನೇ ಹಿಂಡು ಕಾಯ್ದುಕೊಂಡು ಬಂದವಳು. ಈಗ ಕೂದಲು ಜೋಳದ ತೆನೆಯಷ್ಟು ಬೆಳ್ಳಗಾಗಿದೆ. ಊರೆಲ್ಲ ಅವಳನ್ನು ಮಾಯಿ ಎನ್ನುತ್ತದೆ, ತಾಯಿಯಂಥ ಹಿರಿಯಳಿಗೆ ನಮ್ಮ ಕಡೆ ಕೊಡುವ ಮರ್ಯಾದೆ ಅದು. ಅವಳ ಸೊಂಟದ ಚೀಲದಲ್ಲಿ ಎಲೆ ಅಡಿಕೆ ಇರುತ್ತದೆಯೋ ಇಲ್ಲವೋ, ಗೇಣಿಗಿಂತ ಚಿಕ್ಕದಾದ ಒಂದು ಬ್ಯಾಟರಿ ಇದ್ದೇ ಇರುತ್ತದೆ. ಕೈದೀಪಕ್ಕೆ ನಾವು ಬ್ಯಾಟರಿ ಎಂದೇ ಅನ್ನುವುದು. ಹಗಲು ಹೊತ್ತಿನಲ್ಲೇ ಅದಕ್ಕೆ ಬೇಕಾದಷ್ಟು ಕೆಲಸ. ಗೊರಸಿನ ಸಂದಿಯಲ್ಲಿ ಮುಳ್ಳು ಹೊಕ್ಕಿದ್ದರೆ ನೋಡಬೇಕು, ಮೇವು ಬಿಟ್ಟ ಮರಿಯ ಗಂಟಲು ನೋಡಬೇಕು, ದೊಡ್ಡಿಯ ಕಲ್ಲುಗಳ ನಡುವೆ ಹಾವು ಮಲಗಿದೆಯೇ ನೋಡಿ ಕೈ ಹಾಕಬೇಕು.

"ಮಾಯಿ, ಈ ಜಮಾನದಾಗ ಬ್ಯಾಟರಿ ಯಾರು ಇಟ್ಕೋತಾರ? ಫೋನಿನಾಗೇ ಅದಲ್ಲ" ಎಂದು ಪಕ್ಕದ ಮನೆಯ ಶಿವಕಾಂತ ನಗುತ್ತಿದ್ದ. ಅವನು ಟ್ರ್ಯಾಕ್ಟರ್ ಇಟ್ಟುಕೊಂಡು ಕಾರ್ಖಾನೆಗೆ ಕಬ್ಬು ಹೊಡೆಯುವವನು.

"ನಿನ್ನ ಫೋನ್ ಕುರಿ ಬಾಯಾಗ ಇಡ್ತಿ ಏನು? ಜೊಲ್ಲು ಬಿದ್ರ ಎದಿ ಒಡಕೊಂಡು ಸಾಯ್ತಿ. ಇದು ಕೆಸರಾಗ ಬಿದ್ರೂ ಸೆರಗಿಗಿ ಒರೆಸಿದ್ರ ಆತು."

"ಆದ್ರೂ ದಿನಾ ಹೊತಗೊಂಡು ತಿರಗೋದು ಅಂದ್ರ..."

"ನಿನ್ನ ಹೊಟ್ಟಿ ನೀ ದಿನಾ ಹೊತಗೊಂಡು ತಿರಗಲ್ಲೇನು? ಅದರಕಿಂತ ಹಗುರ ಅದ ಇದು."

ಗವಿ ಆದ ಹೊಸದರಲ್ಲಿ ಕುರಿಗಳು ಅದರ ಬಾಯಿಗೆ ಬಂದು ನಿಂತುಬಿಟ್ಟವು. ಕುರಿ ಕತ್ತಲಿಗೆ ತಲೆ ಕೊಡುವ ಪ್ರಾಣಿಯಲ್ಲ. ಮೇಯಿಸುವ ಬಯಲು ಹಳಿಯ ಆಚೆ, ಬೇರೆ ದಾರಿಯಿಲ್ಲ. ಮಾಯಿ ಎಂದಿನಂತೆ ಹಿಂಡಿನ ಹಿಂದೆ ನಿಂತು ಬ್ಯಾಟರಿ ಹಾಕಿದಳು. ಅದೇ ತಪ್ಪಾಯಿತು. ಹಿಂದಿನಿಂದ ಬಿದ್ದ ಬೆಳಕಿಗೆ ಕುರಿಗಳ ನೆರಳು ಎದುರಿನ ಗೋಡೆಯ ಮೇಲೆ ಎಮ್ಮೆಯಷ್ಟಾಗಿ ಕುಣಿಯಿತು. ಹಿಂಡು ತನ್ನ ನೆರಳಿಗೆ ತಾನೇ ಬೆದರಿ, ಮಾಯಿಯನ್ನು ಕೆಡವಿ ಊರಿನ ಕಡೆ ಓಡಿತು. ಮರುದಿನ ಅವಳು ಮುಂದೆ ನಡೆದಳು. ಬ್ಯಾಟರಿಯನ್ನು ಬೆನ್ನ ಹಿಂದೆ ಹಿಡಿದು ಬೆಳಕನ್ನು ನೆಲಕ್ಕೆ ಬಿಟ್ಟಳು. ದೊಡ್ಡ ಟಗರು ಆ ಬೆಳಕಿನ ಮೇಲೆ ಕಾಲಿಟ್ಟಿತು, ಉಳಿದವು ಅದರ ಬೆನ್ನು ಹತ್ತಿದವು. ಅಂದಿನಿಂದ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದೇ ನಡಿಗೆ.

ಆ ಬೆಳಕಿನ ಹಿಂದೆ ಮೊದಲು ಹಾಲಿನವರು ಬಂದರು, ಆಮೇಲೆ ಕಾಯಿಪಲ್ಲೆಯ ಬುಟ್ಟಿ ಹೊತ್ತ ಹೆಂಗಸರು, ಆಮೇಲೆ ಭಾಲ್ಕಿಯ ಶಾಲೆಗೆ ಹೋಗುವ ಹುಡುಗಿಯರು. ಹುಡುಗಿಯರಿಗೆ ಕೆಸರಿಗಿಂತ ದೊಡ್ಡ ಕಾಟ ಇತ್ತು. ಗವಿಯ ಹೊರಳಿನಲ್ಲಿ ಕೆಲವು ಪೋಕರಿಗಳು ಮೋಟಾರ್‌ಸೈಕಲ್ ಬಂದ್ ಮಾಡಿ ಕಾದು ನಿಲ್ಲುತ್ತಿದ್ದರು. ಕತ್ತಲಲ್ಲಿ ಸೀಟಿ, ಕತ್ತಲಲ್ಲಿ ಹೊಲಸು ಮಾತು, ಆಡಿದವನು ಯಾರೆಂದು ತಿಳಿಯದು. ಮಾಯಿ ನೆಟ್ಟಗೆ ಮುಖಕ್ಕೇ ಬ್ಯಾಟರಿ ಹಿಡಿದಳು.

"ಯಾರ ಮಗನೋ ನೀ? ಹಾಂ, ಗೊತ್ತಾತು ಬಿಡು. ನಿಮ್ಮವ್ವ ನಿನ್ನೆ ನನ್ನ ಕಟ್ಟಿ ಮ್ಯಾಲ ಕುಂತು, ನಮ್ಮ ಹುಡುಗ ಭಾರಿ ಶಾಣ್ಯಾ ಅಂದ್ಳು. ನಡಿ, ಆಕಿ ಮುಂದ ನಿಂದರಸಿ ನಿನ್ನ ಶಾಣ್ಯಾತನ ಹೇಳ್ತೇನಿ."

ಮುಖ ಕಂಡ ಮೇಲೆ ಯಾವ ಗಂಡಸುತನ ಉಳಿಯುತ್ತದೆ? ಮಾಯಿ ಇದ್ದ ಹೊತ್ತಿನಲ್ಲಿ ಅವರು ಅತ್ತ ಸುಳಿಯುವುದನ್ನು ಬಿಟ್ಟರು.

ಆ ಹುಡುಗಿಯರಲ್ಲಿ ಶಿವಕಾಂತನ ಮಗಳು ಮೇಘಾ ಒಬ್ಬಳು. ಹತ್ತನೆಯ ತರಗತಿ. ಓದಿನಲ್ಲಿ ಮುಂದು, ಮಾತಿನಲ್ಲೂ ಹಿಂದಲ್ಲ. ಶಿವಕಾಂತ ಅವಳಿಗೆ ಒಂದೇ ಮಾತು ಹೇಳಿಟ್ಟಿದ್ದ: "ಮಾಯಿ ಇರೋತನ ಸಾಲಿಗಿ ಹೋಗು. ಮಾಯಿ ಕುರಿ ಹೊಡಕೊಂಡು ಹ್ವಾದಳಂದ್ರ ಸಾಲಿ ಬಂದ್."

ಮಾಯಿ ಹೋಗುವುದು ನಿಶ್ಚಯವಾಗಿತ್ತು. ತೊಗರಿ ಕಟಾವಾದ ಮೇಲೆ ಅವಳು ಪ್ರತಿ ವರ್ಷ ಹಿಂಡನ್ನು ಮಾಂಜ್ರಾ ನದಿಯ ಆಚೆ, ಔರಾದ ಕಡೆಯ ಹೊಲಗಳಿಗೆ ಒಯ್ಯುತ್ತಾಳೆ. ಬರಿದಾದ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಗೊಬ್ಬರ ಹೊಲಕ್ಕೆ, ಮೇವು ಕುರಿಗೆ. ಮಳೆ ಬೀಳುವವರೆಗೆ ತಿರುಗಿ ಬರುವುದಿಲ್ಲ. ಮೇಘಾಳ ಪರೀಕ್ಷೆ ಬರುವುದು ಅದೇ ಬೇಸಿಗೆಯ ಬಾಯಲ್ಲಿ.

"ಬ್ಯಾಟರಿ ಹುಡಗಿ ಕೈಯಾಗ ಕೊಟ್ಟು ಹೋಗ್ತೇನಿ, ಸಾಲಿ ಬಿಡಸಬ್ಯಾಡೋ" ಎಂದಳು ಮಾಯಿ.

"ಬ್ಯಾಟರಿ ದಾರಿ ತೋರಸ್ತದ, ಪೋರಗೋಳ ಬಾಯಿ ಮುಚ್ಚಸ್ತದೇನು? ನೀ ಹಿಡದ್ರ ಅವರ ಮಾರಿ ಕಾಣ್ತದ. ಈಕಿ ಹಿಡದ್ರ ಈಕಿ ಎಲ್ಲಿ ಅದಾಳಂತ ಅವರಿಗಿ ಕಾಣ್ತದ" ಎಂದ ಶಿವಕಾಂತ. ಅಲ್ಲಿ ಬೇಕಾದದ್ದು ಒಬ್ಬರ ಕೈಯಲ್ಲಿರುವ ಬೆಳಕಲ್ಲ, ಎಲ್ಲರ ನೆತ್ತಿಯ ಮೇಲಿರುವ ಬೆಳಕು.

ರಾಜ್ಯೋತ್ಸವದ ದಿನ ಪಂಚಾಯಿತಿ ಮೆಂಬರ ಅಶೋಕಕುಮಾರ ಮಾಯಿಯನ್ನು ಕರೆಸಿ, ಧ್ವಜದ ಕಟ್ಟೆಯ ಮುಂದೆ ಕುರ್ಚಿ ಹಾಕಿ ಕೂಡಿಸಿ, ಬೀದರಿನಿಂದ ತಂದ ಶಾಲು ಹೊದಿಸಿದ. ಊರಿಗೆ ಬೆಳಕು ಕೊಟ್ಟ ತಾಯಿ ಎಂದು ಮೈಕಿನಲ್ಲಿ ಕೂಗಿದ. ಮಾಯಿಗೆ ಹಿಗ್ಗು. ಹುಟ್ಟಿದಂದಿನಿಂದ ಅವಳನ್ನು ಯಾರೂ ಕುರ್ಚಿಯಲ್ಲಿ ಕೂಡಿಸಿರಲಿಲ್ಲ. ಬಿಸಿಲಿನಲ್ಲೂ ಆ ಶಾಲು ಹೊದ್ದು ಕುರಿ ಕಾಯಲು ಹೋದಳು.

ಅವಳ ಹಿಗ್ಗನ್ನು ಮುರಿದವನು ಉಸ್ಮಾನ ಮಿಯಾ. ಭಾಲ್ಕಿಗೂ ಭಾತಂಬ್ರಾಕ್ಕೂ ಟಂಟಂ ಆಟೋ ಓಡಿಸುವ ಮನುಷ್ಯ. ಗವಿಯ ಬಳಿ ಗಾಡಿ ನಿಲ್ಲಿಸಿ ಹೇಳಿದ: "ಅರೇ ಮಾಯಿ, ಶಾಲು ಭಾರಿ ಚಲೋ ಅದ. ಖರೇ ಅದನ ಯಾಕ ಹಾಕ್ಯಾರ ಗೊತ್ತದ ಏನು ನಿನಗ?"

"ಯಾಕಂದ್ರ? ಇಜ್ಜತ್ ಕೊಟ್ಟಾರ."

"ಇಜ್ಜತ್ ನಕ್ಕೋ ಬೋಲ್ ಮಾಯಿ, ಇದಕ ಇಜ್ಜತ್ ಅನಬ್ಯಾಡ. ಮೊನ್ನೆ ಅಶೋಕಕುಮಾರ ನನ್ನ ಗಾಡ್ಯಾಗೇ ಕುಂತು ಫೋನಿನಾಗ ಮಾತಾಡ್ಲತ್ತಿದ್ದ. ಬಲ್ಬಿನ ತಕರಾರು ಬಂದಿತ್ತಂತ ಬೀದರಿಗಿ. ಇಂವ ಏನಂದ ಕೇಳು. 'ನಮ್ಮ ಊರಾಗ ಲೈಟಿನ ವ್ಯವಸ್ಥಾ ಅದರಿ ಸಾಹೇಬರ. ಒಬ್ಬಾಕಿ ಮುದುಕಿ ದಿನಾ ಬ್ಯಾಟರಿ ಹಿಡಿತಾಳ. ಸನ್ಮಾನನೂ ಮಾಡೀವಿ, ಪೇಪರನಾಗ ಫೋಟೋ ಬಂದದ. ಜನಕ್ಕ ತೊಂದ್ರಿ ಇಲ್ಲ, ಆ ತಕರಾರು ಮುಗಸಿ ಬಿಡ್ರಿ.' ಅವರು ಮುಗಸ್ಯಾರ."

ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ಯಾರೋ ಒಬ್ಬರು ತಾಳಲಾರದೆ ನಾಲ್ಕು ಜನಕ್ಕೆ ಉಪಕಾರ ಮಾಡಿದರೆ, ಅದನ್ನೇ ನೆಪ ಮಾಡಿ ತಮ್ಮ ಹೊಣೆಯನ್ನು ಅವರ ಹೆಗಲಿಗೆ ಹೇರುವ ಜನ ಇವರು. ಹೊದಿಸುವಾಗ ಮಾತ್ರ ಎಷ್ಟು ನಯ! ಮೋರಿ ಬಳಿದವನಿಗೆ ಹಾರ, ಮಕ್ಕಳನ್ನು ದಾಟಿಸಿದವಳಿಗೆ ಶಾಲು. ಮೋರಿ ಹಾಗೆಯೇ, ಕತ್ತಲು ಹಾಗೆಯೇ. ಇಂಥ ಸನ್ಮಾನಕ್ಕಿಂತ ಬೈಗುಳ ಮೇಲು.

ಮಾಯಿ ನೆಟ್ಟಗೆ ಅಶೋಕಕುಮಾರನ ಅಂಗಳಕ್ಕೆ ಹೋದಳು.

"ಅಶೋಕಾ, ನಾ ಏನು ನಿಮ್ಮ ಪಂಚಾಯ್ತಿ ಲೈಟಿನ ಕಂಬ ಇದ್ದೇನಿ ಏನು?"

"ಸಿಟ್ಟಾಗಬ್ಯಾಡ ಮಾಯಿ. ನಿನ್ನ ಹೆಸರು ಬೀದರತನ ಮುಟ್ಟಸೀನಿ."

"ನನ್ನ ಹೆಸರು ಮುಟ್ಟಸಿ ಬಲ್ಬು ಉಳಸೀದಿ. ತೊಗರಿ ಕೊಯ್ದ ಮ್ಯಾಲ ನಾ ಔರಾದ ಕಡಿ ಹೋಗ್ತೇನಿ. ಅವಾಗ ಯಾರು ನಿಂದರ್ತಾರ ಅಲ್ಲಿ? ಮೇಘಾನ ಪರೀಕ್ಷಾ ಅದ."

"ಅವಾಗಿಂದು ಅವಾಗ ನೋಡಮು. ಹುಡಗೀರದು ಹ್ಯಾಂಗೋ ನಡೀತದ."

"ಹ್ಯಾಂಗೋ ನಡೀಲಿಕ್ಕ ನೀ ಯಾಕ ಬೇಕು ಹಂಗಾದ್ರ?" ಎಂದು ಶಾಲನ್ನು ಅವನ ತೂಗುಮಂಚದ ಮೇಲೆ ಒಗೆದು ಬಂದಳು.

ಒಗೆದು ಬಂದಳೇ ಹೊರತು ಅವಳ ತಲೆ ಬಿಸಿ ಇಳಿಯಲಿಲ್ಲ. ಬ್ಯಾಟರಿ ಹಿಡಿದಷ್ಟು ದಿನ ದೀಪ ಬರುವುದಿಲ್ಲ. ಹಿಡಿಯದಿದ್ದರೆ ಮಕ್ಕಳು ಕತ್ತಲಲ್ಲಿ ಕಾಲಿಡಬೇಕು. ಹಾಗಾದರೆ ಇದನ್ನು ದಿನವೂ ಒಯ್ಯುವುದು ಪುಣ್ಯವೋ ಪಾಪವೋ? ಮರುದಿನ ದಾರಿಯಲ್ಲಿ ಅವಳು ಕೇಳಿದ್ದು ಹಿರಿಯರನ್ನಲ್ಲ, ಮೇಘಾಳನ್ನು.

"ಹಿಡಿಬ್ಯಾಡ ಮಾಯಿ" ಎಂದಳು ಹುಡುಗಿ. "ನೀ ಹ್ವಾದ ಮ್ಯಾಲ ದಿನಾ ಕತ್ತಲೇ ಅದಲ್ಲ. ನೀ ಇದ್ದಾಗೇ ಒಂದಿನ ಕತ್ತಲ ಆಗ್ಲಿ. ಎಲ್ಲಾರಿಗೂ ಆಗ್ಲಿ."

ತೊಗರಿ ಕಟಾವು ಮುಗಿಯುವ ಹೊತ್ತಿಗೆ ಆ ದಿನ ತಾನಾಗಿ ಬಂತು. ಊರಿನ ಹೊಸ ರಸ್ತೆ ಉದ್ಘಾಟನೆಗೆ ಬೀದರಿನಿಂದ ಸಾಹೇಬರು ಬರುವವರಿದ್ದರು. ಅಶೋಕಕುಮಾರ ಬಿಳಿ ಬಟ್ಟೆ ತೊಟ್ಟು, ಹಾರ ಹಿಡಿದು, ಗವಿಯ ಊರ ಕಡೆಯ ಬಾಯಲ್ಲಿ ನಿಂತಿದ್ದ. ಮಾಯಿ ಎಂದಿನ ಹೊತ್ತಿಗೆ ಹಿಂಡು ತಂದಳು, ಜೊತೆಗೆ ಮೇಘಾ ಮತ್ತು ಶಾಲೆಯ ಹುಡುಗಿಯರು. ಕುರಿಗಳು ಗವಿಯ ಬಾಯಿಗೆ ಬಂದು ನಿಂತವು. ಮಾಯಿಯೂ ನಿಂತಳು.

"ನಡಿ ಮಾಯಿ, ಲಗೂನ ದಾಟಸು. ಸಾಹೇಬರು ಬರ್ಲತ್ತಾರ."

"ಬ್ಯಾಟರಿ ಮನ್ಯಾಗ ಬಿಟ್ಟು ಬಂದೀನಿ."

ಹಿಂದಿನಿಂದ ಶಿವಕಾಂತನ ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತಿತು, ಅದರ ಹಿಂದೆ ಉಸ್ಮಾನ ಮಿಯಾನ ಟಂಟಂ. ಶಿವಕಾಂತ ಹಾರ್ನ್ ಹೊಡೆದು ಟ್ರ್ಯಾಕ್ಟರಿನ ದೀಪ ಹಾಕಿದ. ಗೋಡೆಯ ಮೇಲೆ ನೆರಳು ಕುಣಿದದ್ದೇ ತಡ, ಕುರಿಗಳು ತಿರುಗಿ ಚಕ್ರದ ಸಂದಿಗೆ ನುಗ್ಗಿದವು. ಅಷ್ಟರಲ್ಲಿ ಆ ಕಡೆಯಿಂದ ಸಾಹೇಬರ ಜೀಪು ಗವಿಯೊಳಗೆ ಬಂದೇಬಿಟ್ಟಿತು. ಅದರ ದೀಪ ಎದುರಿನಿಂದ ಕಣ್ಣಿಗೆ ಕುಕ್ಕಿತು. ಹಿಂಡು ಬಾಯಲ್ಲೇ ಗಂಟು ಬಿತ್ತು. ಜೀಪು ಮುಂದಕ್ಕೆ ಬರದು, ಟ್ರ್ಯಾಕ್ಟರ್ ಹಿಂದಕ್ಕೆ ಹೋಗದು.

"ಒಳಗ ಹೋಗಿ ಜೀಪಿನ ಲೈಟ್ ಬಂದ್ ಮಾಡ್ಲಿಕ್ಕ ಹೇಳ್ರಪಾ!" ಎಂದು ಅಶೋಕಕುಮಾರ ಒದರಿದ. ತಾನು ಹೋಗಲಿಲ್ಲ, ಬಟ್ಟೆ ಬಿಳಿ ಇತ್ತಲ್ಲ. ಶಿವಕಾಂತ ಬೈಯುತ್ತ ಟ್ರ್ಯಾಕ್ಟರಿನ ದೀಪ ಆರಿಸಿ ಇಳಿದು, ಕುರಿಗಳನ್ನು ಸರಿಸಿಕೊಂಡು ಒಳಗೆ ಹೋದ. ಗವಿ ಆದಾಗಿನಿಂದ ಅವನು ಅದರೊಳಗೆ ನಡೆದದ್ದು ಅದೇ ಮೊದಲು. ಹೇಳಿದ, ಜೀಪಿನ ದೀಪ ಆರಿತು. ತಿರುಗಿ ಬರುವಾಗ ಕಣ್ಣಿಗೆ ಕೈ ಬೆರಳೂ ಕಾಣಲಿಲ್ಲ. ಜೀಪಿನ ಹಿಂದೆ ಸಿಕ್ಕಿಬಿದ್ದಿದ್ದ ಪೋಕರಿಗಳಿಗೆ ಕೆಸರಿನಲ್ಲಿ ಕಾಲಿನ ಸಪ್ಪಳ ಮಾತ್ರ ಕೇಳಿಸಿತು. ಮಾಯಿಯ ಬ್ಯಾಟರಿ ಕಾಣದ್ದರಿಂದ, ಯಾವುದೋ ಹುಡುಗಿ ಒಬ್ಬಳೇ ಬಂದಳೆಂದು ತಿಳಿದು ತಮ್ಮ ಮಾತು ಆಡಿದರು. ಆ ಮಾತನ್ನು ಇಲ್ಲಿ ಬರೆಯಲಾರೆ. ಶಿವಕಾಂತ ಕೂಗಿ ಎರಗಲು ಹೋದ, ಯಾರ ಮೇಲೆ ಎರಗುವುದು? ಜಾರಿ ಬಿದ್ದು, ಗೋಡೆ ತಡವಿಕೊಂಡು ಬೆಳಕಿಗೆ ಬಂದಾಗ ಅವನ ಮೈಯೆಲ್ಲ ಕೆಸರು.

ಅವನು ಮಗಳ ಕಡೆ ನೋಡಿದ. ಮೇಘಾ ಪಾಟಿಚೀಲ ಎದೆಗವಚಿಕೊಂಡು ನಿಂತಿದ್ದಳು.

"ದಿನಾ ಹಿಂಗೇ ಅಂತಾರೇನು?" ಎಂದ.

"ಮಾಯಿ ಇದ್ದಾಗ ಅನ್ನಲ್ಲ."

ಅಷ್ಟರಲ್ಲಿ ಸಾಹೇಬರೂ ಫೋನಿನ ಬೆಳಕು ಹಿಡಿದು, ಬೂಟು ತೊಯ್ಯಿಸಿಕೊಂಡು ಹೊರಗೆ ಬಂದರು. ದಾರಿ ಯಾಕೆ ಕಟ್ಟಿದ್ದೀರಿ ಎಂದು ಸಿಡುಕಿದರು.

"ನಾ ಕಟ್ಟಿಲ್ಲರಿ ಸಾಹೇಬರ, ಕುರಿ ನಿಂತಾವ" ಎಂದಳು ಮಾಯಿ. "ಕತ್ತಲದಾಗ ಹೋಗಲ್ಲ ಅವು. ನಾವೇ ಬುದ್ಧಿ ಇಲ್ಲದವರು, ಇಷ್ಟು ದಿನ ಹೋಗಕೋತ ಬಂದೆವು."

"ಇಲ್ಲಿ ಬೆಳಕಿನ ವ್ಯವಸ್ಥೆ ಇದೆ ಅಂತ ಹೇಳಿದ್ದರಲ್ಲ?"

"ಆ ವ್ಯವಸ್ಥಾ ನಾನೇರಿ. ಇವತ್ತ ರಜಾ ಹಾಕೀನಿ."

ಉಸ್ಮಾನ ಮಿಯಾ ಟಂಟಂನಲ್ಲಿ ಕುಳಿತೇ ಬಿದ್ದು ಬಿದ್ದು ನಕ್ಕ. ನಗದವನು ಶಿವಕಾಂತ ಒಬ್ಬನೇ. ಅವನು ಟ್ರ್ಯಾಕ್ಟರಿನ ಚಾವಿ ಕಿತ್ತು ಜೇಬಿಗೆ ಹಾಕಿಕೊಂಡು ಅಶೋಕಕುಮಾರನ ಮುಂದೆ ನಿಂತ. "ತಂತಿ ಎಳೆಯೋತನ ಈ ಗಾಡಿ ಇಲ್ಲಿಂದ ಅಲಗಾಡಲ್ಲ. ಕಬ್ಬು ಒಣಗಿ ಕಟಗಿ ಆಗ್ಲಿ, ನಡೀತದ."

ವರ್ಷಗಟ್ಟಲೆ ಯಾರದೆಂದು ತಿಳಿಯದ ದೀಪ ಅಂದು ಯಾರದೆಂದು ತಿಳಿಯಿತು. ಸೂರ್ಯ ಇಳಿಯುವ ಮೊದಲೇ ಕಂಬದಿಂದ ತಂತಿ ಬಂತು. ಮರುವಾರ ಪತ್ರಿಕೆಯಲ್ಲಿ ಅಶೋಕಕುಮಾರನ ಪರಿಶ್ರಮದಿಂದ ದೀಪ ಬಂದವೆಂದು ಫೋಟೋ ಸಮೇತ ಬರೆದಿದ್ದರು. ಬರೆಯಲಿ. ನಾಚಿಕೆ ಎಂಬುದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಮಾಯಿ ಹಿಂಡು ಹೊಡೆದುಕೊಂಡು ಔರಾದ ಕಡೆಗೆ ಹೋದಳು. ಬ್ಯಾಟರಿ ಈಗಲೂ ಅವಳ ಸೊಂಟದಲ್ಲೇ ಇದೆ. ಒಯ್ಯುವುದು ತಪ್ಪಲ್ಲ. ನಮ್ಮ ಕಾಲಿಗೆ, ನಮ್ಮ ಕುರಿಗೆ ನಾವು ಬೆಳಕು ಒಯ್ಯಲೇಬೇಕು. ಊರಿನ ಬೆಳಕನ್ನು ಒಬ್ಬ ಮುದುಕಿಯ ಸೊಂಟದಲ್ಲಿ ಹುಡುಕುವವನ ಮುಖಕ್ಕೆ ಮಾತ್ರ ಅದನ್ನು ಹಿಡಿಯಬೇಕು.

ಸಂತಪುರದ ಹೊಲದಿಂದ ಅವಳು ಬೆಳಿಗ್ಗೆ ಫೋನು ಮಾಡುವುದು ಅಶೋಕಕುಮಾರನಿಗೆ. ದೀಪ ಉರಿಯುತ್ತಿವೆಯೇ ಎಂದು ಕೇಳುತ್ತಾಳೆ. ಒಂದು ಹೋಗಿದೆ ಎಂದು ಅವನೆಂದರೆ, "ಕುರಿ ತಗೊಂಡು ಬರ್ಲ್ಯಾ?" ಎನ್ನುತ್ತಾಳೆ. "ಬ್ಯಾಡ ನಮ್ಮವ್ವಾ, ಇವತ್ತೇ ಹಾಕಸ್ತೇನಿ" ಎಂದು ಅವನು ಗವಿಗೆ ಓಡುತ್ತಾನೆ. ಪರೀಕ್ಷೆ ಶುರುವಾದ ದಿನವೂ ಅವನು ಅಲ್ಲೇ ಇದ್ದ.

"ಮೇಘಾ ಹ್ವಾದಳೇನು?"

"ಈಗ ಹ್ವಾದಳು ಮಾಯಿ. ನಡಕೋತ ಪುಸ್ತಕ ಓದಕೋತ ಹೊಂಟಿದ್ಲು. ನಾ ಇಲ್ಲೇ ನಿಂತೀನಿ, ನನ್ನ ಕಡಿ ತಿರುಗಿ ಸುದ್ಧಾ ನೋಡ್ಲಿಲ್ಲ."

"ನಿನ್ನ ಯಾಕ ನೋಡಬೇಕು? ಪರೀಕ್ಷಾದಾಗ ನಿನ್ನ ಮ್ಯಾಲ ಪ್ರಶ್ನಿ ಬರ್ತದೇನು?" ಎಂದು ಮಾಯಿ ಫೋನು ಇಟ್ಟಳು.